ಆಳವಿಲ್ಲದ ಬಾತು ಬೇಟೆಯ ಕೆರೆಗಳಲ್ಲಿ ಮಂಜುಗಡ್ಡೆ: ಚಳಿಯನ್ನು ನೋಡಬೇಕೋ, ಗಾಳಿಯನ್ನು ನೋಡಬೇಕೋ?

ಜೊಂಡುಕೆರೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಿನ್ನೆಸೋಟ ರಾಜ್ಯದ ಪಶ್ಚಿಮ ಭಾಗದಲ್ಲಿ ನೆಲೆಸಿರುವ ನಾನು, ನೆರೆಮನೆಯ ಹಿರಿಯರೊಬ್ಬರ ಜೊತೆ ಪರವಾನಗಿ ಪಡೆದು ಕಾಡುಬಾತುಗಳ ಬೇಟೆಗೆ ಹೋಗುತ್ತೇನೆ. ನಾವು ಹೋಗುವುದು ಹಿಮನದಿಗಳು ಹಿಂದೆ ಸರಿದಾಗ ಉಳಿದ ತಗ್ಗುಗಳಲ್ಲಿ ನೀರು ನಿಂತು ಆದ, ಇಲ್ಲಿಯವರು ಪಾಟ್‌ಹೋಲ್ ಎಂದು ಕರೆಯುವ ಸಣ್ಣ ಕೆರೆಗಳಿಗೆ. ಹೆಚ್ಚಿನ ಕಡೆ ನೀರು ಸೊಂಟದ ಮಟ್ಟಕ್ಕಿಂತ ಆಳವಿಲ್ಲ, ಸುತ್ತಲೂ ಜೊಂಡು ದಟ್ಟವಾಗಿ ಬೆಳೆದಿರುತ್ತದೆ.

ಕಳೆದ ವಾರ ನೋಡಿದ ಒಂದು ಸಂಗತಿಗೆ ಕಾರಣ ತಿಳಿಯುತ್ತಿಲ್ಲ. ವಾಯವ್ಯದ ಗಾಳಿ ರಾತ್ರಿಯಿಡೀ ಬೀಸಿ ತಾಪಮಾನ ಮೈನಸ್ 7 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿದ್ದರೂ, ಬೆಳಿಗ್ಗೆ ಕೆರೆಯಲ್ಲಿ ಅಲೆಗಳು ಏಳುತ್ತಲೇ ಇದ್ದವು. ದಂಡೆಯ ಹುಲ್ಲುಕಡ್ಡಿಗಳಿಗೆ ಮಾತ್ರ ಗಾಜಿನ ಮಣಿಗಳಂತೆ ಮಂಜುಗಡ್ಡೆ ಕಟ್ಟಿತ್ತು. ಮರುರಾತ್ರಿ ಗಾಳಿ ನಿಂತಿತು. ತಾಪಮಾನ ಮೈನಸ್ 3ಕ್ಕಿಂತ ಕೆಳಗೆ ಹೋಗಲಿಲ್ಲ. ಆದರೂ ಬೆಳಗಾಗುವಷ್ಟರಲ್ಲಿ ಇಡೀ ಕೆರೆ ಮುಚ್ಚಿಹೋಗಿತ್ತು. ಹೆಚ್ಚು ಚಳಿಯ ರಾತ್ರಿ ಕಟ್ಟದ ಮಂಜುಗಡ್ಡೆ ಕಡಿಮೆ ಚಳಿಯ ರಾತ್ರಿ ಕಟ್ಟಿದ್ದು ಹೇಗೆ? ಮುಂದಿನ ದಿನಗಳಲ್ಲಿ ಎಲ್ಲಿ ತೆರೆದ ನೀರು ಉಳಿಯಬಹುದೆಂದು ಮೊದಲೇ ಊಹಿಸುವ ದಾರಿ ಇದೆಯೇ?

ಹೊಳೆದಂಡೆ:

ಜೊಂಡುಕೆರೆ ಅವರೇ, ಆ ಎರಡು ರಾತ್ರಿಗಳನ್ನು ಬೇರೆ ಬೇರೆಯಾಗಿ ನೋಡಬೇಡಿ. ಮೊದಲ ರಾತ್ರಿಯ ಗಾಳಿ ಮಾಡಿಟ್ಟ ಕೆಲಸವನ್ನು ಎರಡನೆಯ ರಾತ್ರಿಯ ನಿಶ್ಚಲತೆ ಮುಗಿಸಿತು.

ನೀರು ಅತ್ಯಂತ ಭಾರವಾಗಿರುವುದು ಸುಮಾರು 4 ಡಿಗ್ರಿಯಲ್ಲಿ. ಅದಕ್ಕಿಂತ ತಣ್ಣಗಾದ ನೀರು ಹಗುರವಾಗಿ ಮೇಲೆಯೇ ನಿಲ್ಲುತ್ತದೆಯಾದ್ದರಿಂದ, ಗಾಳಿಯಿಲ್ಲದ ರಾತ್ರಿಯಲ್ಲಿ ಮೇಲ್ಪದರವಷ್ಟೇ ಸೊನ್ನೆಗೆ ಇಳಿದರೂ ಮಂಜುಗಡ್ಡೆ ಕಟ್ಟಲು ಸಾಕು. ಗಾಳಿ ಇರುವಾಗ ಹಾಗಾಗುವುದಿಲ್ಲ. ಅಲೆಗಳು ತಣ್ಣನೆಯ ಮೇಲ್ಪದರವನ್ನು ಕೆಳಗಿನ ಬೆಚ್ಚನೆಯ ನೀರಿನೊಂದಿಗೆ ಕಲಸುತ್ತಲೇ ಇರುವುದರಿಂದ, ತಳದವರೆಗಿನ ನೀರೆಲ್ಲ ಸೊನ್ನೆಯ ಹತ್ತಿರಕ್ಕೆ ಬರುವವರೆಗೆ ಮಂಜುಗಡ್ಡೆ ನಿಲ್ಲುವುದಿಲ್ಲ. ಒಂದು ಮೀಟರ್ ಆಳದ ನೀರನ್ನು 4 ಡಿಗ್ರಿಯಿಂದ ಸೊನ್ನೆಗೆ ಇಳಿಸಲು ಹೊರಹೋಗಬೇಕಾದ ಶಾಖವು, ಅಷ್ಟೇ ವಿಸ್ತಾರದಲ್ಲಿ ಸುಮಾರು 5 ಸೆಂಟಿಮೀಟರ್ ದಪ್ಪದ ಮಂಜುಗಡ್ಡೆ ಕಟ್ಟುವಾಗ ಹೊರಬರುವ ಶಾಖಕ್ಕೆ ಹೆಚ್ಚುಕಡಿಮೆ ಸಮ. ಅಷ್ಟು ಶಾಖವನ್ನು ಒಂದೇ ರಾತ್ರಿಯಲ್ಲಿ ಕಳೆಯುವುದು ಬಲವಾದ ಗಾಳಿಗೂ ಕಷ್ಟ.

ಆದರೆ ಗಾಳಿ ಮಂಜುಗಡ್ಡೆಯನ್ನು ಬರೀ ತಡೆಯುತ್ತದೆ ಎಂದುಕೊಳ್ಳಬಾರದು. ನೀರಿನ ಶಾಖವನ್ನು ಅತಿ ವೇಗವಾಗಿ ಹೊರಗೆಳೆಯುವುದೂ ಅದೇ, ಏಕೆಂದರೆ ಗಾಳಿ ಬೀಸುವಾಗ ಆವಿಯಾಗುವಿಕೆಯೂ ಮೇಲ್ಮೈಯಿಂದ ಶಾಖ ಸಾಗುವಿಕೆಯೂ ಎರಡೂ ಹೆಚ್ಚುತ್ತವೆ. ನಿಮ್ಮ ಕೆರೆ ಆ ಮೊದಲ ರಾತ್ರಿಯೇ ತನ್ನ ಶಾಖದ ಬಹುಪಾಲನ್ನು ಕಳೆದುಕೊಂಡಿತ್ತು. ಮರುರಾತ್ರಿ ಗಾಳಿ ನಿಂತು, ಆಕಾಶ ತಿಳಿಯಾಗಿದ್ದರಂತೂ ಉಳಿದ ಶಾಖ ನೇರವಾಗಿ ಆಕಾಶಕ್ಕೆ ಹೊರಸೂಸಿ, ಕೆಲವೇ ಗಂಟೆಗಳಲ್ಲಿ ಕೆರೆ ಮುಚ್ಚಿಕೊಂಡಿತು. ಹವಾ ಮುನ್ಸೂಚನೆಯಲ್ಲಿ ಕನಿಷ್ಠ ತಾಪಮಾನವನ್ನು ನೋಡುವುದಕ್ಕಿಂತ, ಗಾಳಿ ಯಾವ ಹೊತ್ತಿಗೆ ತಗ್ಗುತ್ತದೆ ಎಂಬುದನ್ನು ನೋಡುವುದು ಹೆಚ್ಚು ಉಪಯುಕ್ತ ಎಂದು ನಾನು ನಂಬಿದ್ದೇನೆ.

ಇನ್ನೊಂದು ಮಾತು. ಸುದ್ದಿಯಲ್ಲಿ ಹೇಳುವ ‘ವಿಂಡ್ ಚಿಲ್’, ಅಂದರೆ ಗಾಳಿ ಬೀಸುವಾಗ ಮೈಗೆ ಎಷ್ಟು ಚಳಿ ಅನ್ನಿಸುತ್ತದೆ ಎಂಬ ಅಂಕಿ, ಮನುಷ್ಯನ ಚರ್ಮಕ್ಕೆ ಸಂಬಂಧಿಸಿದ್ದು. ಗಾಳಿಯ ತಾಪಮಾನ 2 ಡಿಗ್ರಿ ಇದ್ದು ವಿಂಡ್ ಚಿಲ್ ಮೈನಸ್ 5 ಎಂದಿದ್ದರೆ, ಅದನ್ನು ನಂಬಿ ಕೆರೆಯಲ್ಲಿ ಮಂಜುಗಡ್ಡೆ ಕಟ್ಟುತ್ತದೆಂದು ಲೆಕ್ಕ ಹಾಕಬೇಡಿ.

ಬಡಗಣಗಾಳಿ:

ಮೇಲಿನವರು ಕಾರಣವನ್ನು ಸರಿಯಾಗಿ ವಿವರಿಸಿದ್ದಾರೆ. ಉತ್ತರ ಡಕೋಟದಲ್ಲಿ ಬಹಳ ವರ್ಷಗಳಿಂದ ಇಂಥದೇ ಕೆರೆಗಳಲ್ಲಿ ಬೇಟೆಯಾಡಿದವನಾಗಿ, ತೆರೆದ ನೀರಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಗಾಳಿ ಮೊದಲು ಬಂತೋ ಮಂಜುಗಡ್ಡೆ ಮೊದಲು ಬಂತೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನೀರು ತೆರೆದಿರುವಾಗಲೇ ವಾಯವ್ಯದ ಗಾಳಿ ಬೀಸುತ್ತಿದ್ದರೆ, ವಾಯವ್ಯ ಮೂಲೆಯ ಜೊಂಡಿನ ಮರೆಯಲ್ಲಿ ನೀರು ಅಲುಗಾಡದೆ ಮೊದಲು ಕಟ್ಟುತ್ತದೆ, ಅಲೆಗಳು ಬಂದು ಬಡಿಯುವ ಆಗ್ನೇಯ ದಂಡೆ ಕೊನೆಯವರೆಗೂ ತೆರೆದಿರುತ್ತದೆ. ಶಾಂತ ರಾತ್ರಿಯಲ್ಲಿ ತೆಳುವಾದ ಗಡ್ಡೆ ಕೆರೆಯನ್ನೆಲ್ಲ ಮುಚ್ಚಿದ ಮೇಲೆ ಅದೇ ಗಾಳಿ ಎದ್ದರೆ ಫಲ ತಿರುಗುಮುರುಗಾಗುತ್ತದೆ: ಗಡ್ಡೆ ಒಡೆದು ಚೂರುಗಳೆಲ್ಲ ಆಗ್ನೇಯ ದಂಡೆಯಲ್ಲಿ ಒಂದರ ಮೇಲೊಂದು ರಾಶಿ ಬೀಳುತ್ತವೆ, ತೆರೆದ ನೀರು ವಾಯವ್ಯದ ಕಡೆ ಕಾಣಿಸಿಕೊಳ್ಳುತ್ತದೆ. ಇದನ್ನು ಗಮನಿಸದೆ ‘ಗಾಳಿಗೆ ಎದುರಾದ ದಂಡೆ ಯಾವಾಗಲೂ ತೆರೆದಿರುತ್ತದೆ’ ಎಂದು ಹೇಳುವವರು ಬಹಳ ಮಂದಿ. ಆ ಮಾತು ಅರ್ಧ ಮಾತ್ರ ನಿಜ.

ನಮ್ಮ ಸೀಮೆಯಲ್ಲಿ ಶೀತ ಮಾರುತ ಬಂದಾಗ ಸಾಮಾನ್ಯವಾಗಿ ಮೊದಲು ವಾಯವ್ಯದ ಗಾಳಿ, ಆಮೇಲೆ ಅಧಿಕ ಒತ್ತಡದ ಕೇಂದ್ರ ತಲೆಯ ಮೇಲೆ ಬಂದಾಗ ಗಾಳಿಯಿಲ್ಲದ ತಿಳಿ ರಾತ್ರಿ, ಅದು ಪೂರ್ವಕ್ಕೆ ಸರಿದ ಮೇಲೆ ದಕ್ಷಿಣದ ಗಾಳಿ. ಈ ಸರಣಿಯಲ್ಲಿ ನಡುವಿನ ರಾತ್ರಿಯೇ ಕೆರೆ ಕಟ್ಟುವ ರಾತ್ರಿ. ನೀವು ಕಂಡದ್ದೂ ಅದೇ ಇರಬೇಕು.

ಪಾಟ್‌ಹೋಲ್‌ಗಳು ಮುಚ್ಚಿದ ಮೇಲೆ ಆಳವಾದ ದೊಡ್ಡ ಸರೋವರಗಳು ಎಷ್ಟೋ ದಿನ ತೆರೆದಿರುತ್ತವೆ, ಅವೂ ಕಟ್ಟಿದ ಮೇಲೆ ಹರಿಯುವ ಹೊಳೆಗಳು ಉಳಿಯುತ್ತವೆ. ನೀಲಿ ರೆಕ್ಕೆಯ ಟೀಲ್ ಬಾತುಗಳು ಮಂಜುಗಡ್ಡೆಯ ಹೊತ್ತಿಗೆ ದಕ್ಷಿಣ ಸೇರಿರುತ್ತವೆ. ಮಲ್ಲಾರ್ಡ್ ಬಾತುಗಳು ಮಾತ್ರ ಕೊನೆಯವರೆಗೂ ನಿಲ್ಲುತ್ತವೆ. ದೊಡ್ಡ ಹಿಂಡು ಒಂದೆಡೆ ರಾತ್ರಿ ಕಳೆದರೆ ಅವುಗಳ ಈಜಾಟದಿಂದಲೇ ಅಷ್ಟು ನೀರು ಕಟ್ಟದೆ ಉಳಿದಿರುತ್ತದೆ. ಬೆಳಗಿನ ಮೊದಲ ಬೆಳಕಿನಲ್ಲಿ ದುರ್ಬೀನಿನಿಂದ ಅಂಥ ಜಾಗವನ್ನು ಹುಡುಕಿ.

ಗಡ್ಡೆ ತೆಳುವಾಗಿದ್ದು ನೀವೇ ಜಾಗ ಮಾಡಿಕೊಳ್ಳಬೇಕಾದರೆ ಅದನ್ನು ಪುಡಿಪುಡಿ ಮಾಡಬೇಡಿ. ತೇಲುವ ಚೂರುಗಳು ಬೇಗ ಒಂದಕ್ಕೊಂದು ಅಂಟಿ ಮತ್ತೆ ಕಟ್ಟುತ್ತವೆ. ದೊಡ್ಡ ಹಲಗೆಗಳಾಗಿ ಬಿಡಿಸಿ, ಒಂದು ಅಂಚನ್ನು ಕಾಲಿನಿಂದ ಒತ್ತಿ ಮುಳುಗಿಸಿ, ಇಡೀ ಹಲಗೆಯನ್ನು ಪಕ್ಕದ ಗಡ್ಡೆಯ ಅಡಿಗೆ ಜಾರಿಸಿಬಿಡಿ. ಆಗ ಕಪ್ಪನೆಯ ಸ್ವಚ್ಛ ನೀರು ಸಿಗುತ್ತದೆ, ನಿಮ್ಮ ಡಿಕಾಯ್‌ಗಳು (ಬಾತುಗಳನ್ನು ಸೆಳೆಯಲು ತೇಲಿಬಿಡುವ ನಕಲಿ ಬಾತುಗಳು) ದೂರದಿಂದಲೂ ಎದ್ದು ಕಾಣುತ್ತವೆ.

ಜೊಂಡುಕೆರೆ:

ಇಬ್ಬರಿಗೂ ಕೃತಜ್ಞತೆಗಳು. ಇನ್ನೊಂದು ಸಂದೇಹ: ನೀರು ಸೊಂಟದ ಮಟ್ಟಕ್ಕಷ್ಟೇ ಇರುವುದರಿಂದ ಮಂಜುಗಡ್ಡೆಯ ಮೇಲೆ ನಡೆದುಹೋದರೂ ಅಪಾಯವಿಲ್ಲ ಎಂದು ಕೆಲವರು ಹೇಳುತ್ತಾರೆ. ಇದು ಸರಿಯೇ?

ಹೊಳೆದಂಡೆ:

ದಯವಿಟ್ಟು ಆ ಮಾತನ್ನು ನಂಬಬೇಡಿ. ಗಟ್ಟಿಯಾದ, ಪಾರದರ್ಶಕವಾದ ಹೊಸ ಮಂಜುಗಡ್ಡೆಯ ಮೇಲೆ ನಡೆಯಲು ಕನಿಷ್ಠ 4 ಇಂಚು, ಎಂದರೆ ಸುಮಾರು 10 ಸೆಂಟಿಮೀಟರ್ ದಪ್ಪ ಬೇಕೆಂದು ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುತ್ತದೆ. ಬಿಳಿಯ ಗಡ್ಡೆಯಾದರೆ ಅದರ ಎರಡರಷ್ಟು. ದಿನದ ಸರಾಸರಿ ತಾಪಮಾನ ಮೈನಸ್ 5 ಇದ್ದರೆ ತೆಳುವಾದ ಗಡ್ಡೆ ದಿನಕ್ಕೆ ಹೆಚ್ಚುಕಡಿಮೆ ಒಂದೂವರೆ ಸೆಂಟಿಮೀಟರ್ ಬೆಳೆಯುತ್ತದೆ, ಮೇಲೆ ಹಿಮ ಬಿದ್ದರೆ ಇನ್ನೂ ನಿಧಾನ. ಬೇಟೆಯ ಋತು ಮುಗಿಯುವ ಮೊದಲು ಅಷ್ಟು ದಪ್ಪವಾಗುವುದು ಅಪರೂಪ.

ಅದರಲ್ಲೂ ಆಳವಿಲ್ಲದ ಕೆರೆಯ ಗಡ್ಡೆ ಒಂದೇ ಸಮ ಇರುವುದಿಲ್ಲ. ತಳದ ಕೆಸರು ಬೇಸಗೆಯಲ್ಲಿ ಹೀರಿದ ಶಾಖವನ್ನು ಮೇಲಿನ ಗಡ್ಡೆ ಕಟ್ಟಿದ ಮೇಲೂ ಬಿಡುತ್ತಿರುತ್ತದೆ. ಮೊದಲು ಕಟ್ಟುವ ಜೊಂಡಿನ ನಡುವೆಯೇ ಆಮೇಲೆ ಗಡ್ಡೆ ಅತ್ಯಂತ ದುರ್ಬಲವಾಗುತ್ತದೆ, ಏಕೆಂದರೆ ಜೊಂಡು ಹಿಡಿದಿಟ್ಟ ಹಿಮ ಹೊದಿಕೆಯಾಗಿ ಚಳಿಯನ್ನು ತಡೆಯುತ್ತದೆ, ಕೊಳೆಯುವ ಎಲೆಗಳಿಂದ ಅನಿಲದ ಗುಳ್ಳೆಗಳು ಏಳುತ್ತವೆ. ಮಸ್ಕ್‌ರ್ಯಾಟ್ ಎಂಬ ನೀರಿಲಿಗಳ ಗೂಡುಗಳ ಸುತ್ತ ಮತ್ತು ನೀರಿನ ಊಟೆಗಳ ಮೇಲೂ ಹೀಗೆಯೇ. ಸೊಂಟದ ಮಟ್ಟದ ನೀರಿನ ಕೆಳಗೆ ಕಾಲು ಹೂತುಹೋಗುವ ಕೆಸರಿದೆ ಎಂಬುದನ್ನೂ ಮರೆಯಬೇಡಿ.

ಬಡಗಣಗಾಳಿ:

ಗಾಳಿಯ ವಿಷಯದಲ್ಲಿ 1940ರ ನವೆಂಬರ್ 11ರ ಬಿರುಗಾಳಿಯನ್ನು ಇಲ್ಲಿನ ಬೇಟೆಗಾರರು ಇಂದಿಗೂ ನೆನೆಯುತ್ತಾರೆ. ಬೆಳಿಗ್ಗೆ ಹಿತವಾದ ಹವೆ ಇದ್ದುದರಿಂದ ತೆಳು ಬಟ್ಟೆಯಲ್ಲೇ ಹೋದ ಅನೇಕರು, ಮಿಸಿಸಿಪ್ಪಿ ನದಿಯ ನಡುಗಡ್ಡೆಗಳಲ್ಲಿ ಗಾಳಿ, ಅಲೆ, ಹಿಮಪಾತಗಳಿಗೆ ಸಿಕ್ಕಿ ದೋಣಿಯಲ್ಲಿ ಹಿಂದಿರುಗಲಾರದೆ ಹೋದರು. ಮಿನ್ನೆಸೋಟದಲ್ಲೇ 49 ಮಂದಿ ಸತ್ತರು, ಅವರಲ್ಲಿ ಸುಮಾರು ಅರ್ಧದಷ್ಟು ಬಾತು ಬೇಟೆಗಾರರು.

ಅಷ್ಟು ದೊಡ್ಡ ಬಿರುಗಾಳಿಯೇ ಬೇಕಾಗಿಲ್ಲ. ಬೆಳಿಗ್ಗೆ ಗಡ್ಡೆ ಒಡೆದುಕೊಂಡು ಹೋದ ದೋಣಿದಾರಿಯನ್ನು, ಮಧ್ಯಾಹ್ನ ಗಾಳಿಯ ದಿಕ್ಕು ಬದಲಾದಾಗ ತೇಲಿಬಂದ ಚೂರುಗಳು ಮುಚ್ಚಿಬಿಡಬಲ್ಲವು. ಆದ್ದರಿಂದ ದೋಣಿಯನ್ನು ನೀರಿಗಿಳಿಸುವ ಮುನ್ನ ಮಧ್ಯಾಹ್ನದ ಗಾಳಿಯ ದಿಕ್ಕನ್ನು ನೋಡಿಕೊಂಡು, ಆ ಗಾಳಿ ಚೂರುಗಳನ್ನು ನಿಮ್ಮ ದಂಡೆಯ ಕಡೆಗೇ ತಳ್ಳುವಂತಿದ್ದರೆ ಬೇಗ ಹಿಂದಿರುಗಿ. ನಾಯಿ ಜೊತೆಗಿದ್ದರೆ ತೆಳು ಗಡ್ಡೆಯ ಅಂಚು ಅದರ ಎದೆ ಮತ್ತು ಮುಂಗಾಲುಗಳನ್ನು ಕೊಯ್ಯುತ್ತದೆ. ಅಂಥ ದಿನ ಬಿದ್ದ ಹಕ್ಕಿಯನ್ನು ತರಲು ದೋಣಿಯಲ್ಲಿ ನೀವೇ ಹೋಗುವುದು ಒಳ್ಳೆಯದು.