ಸರ್ವರ್ ಬೋರ್ಡಿನ ಫ್ಯಾನ್ ರಾತ್ರಿಯಿಡೀ ಜೋರಾಗೋದು ಇಳಿಯೋದು ಮಾಡ್ತಿದೆ, ಇದನ್ನ ಸುಮ್ಮನಿರ್ಸೋದು ಹೇಗೆ?

ತುಂಗಾತೀರ:
ಎಲ್ರಿಗೂ ನಮಸ್ಕಾರ. ನಮ್ಮನೆ ತೀರ್ಥಹಳ್ಳಿ ಹತ್ರ. ಅಪ್ಪ ಸುಮಾರು ವರ್ಷದಿಂದ ರೆಕಾರ್ಡ್ ಮಾಡಿ ಇಟ್ಟಿರೋ ತಾಳಮದ್ದಳೆ ಕ್ಯಾಸೆಟ್ಟುಗಳನ್ನೆಲ್ಲ ಡಿಜಿಟಲ್ ಮಾಡಿ ಒಂದ್ಕಡೆ ಭದ್ರವಾಗಿ ಇಡ್ಬೇಕು ಅಂತ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸೆಕೆಂಡ್ ಹ್ಯಾಂಡ್ ಸರ್ವರ್ ಬೋರ್ಡ್ ತಗೊಂಡೆ, ಡೇಟಾ ತಪ್ಪಾದ್ರೆ ತಾನೇ ಹಿಡಿದು ಸರಿಮಾಡೋ ಇಸಿಸಿ ರ್‍ಯಾಮ್ ಹಾಕೋಕಾಗೋದೇ ಬೇಕಿತ್ತು. ಮಾಮೂಲಿ ಟವರ್ ಕ್ಯಾಬಿನೆಟ್ಟಲ್ಲಿ ಕೂರ್ಸಿದೀನಿ. ಜೊತೆಗೆ ಬಂದಿದ್ದ ಫ್ಯಾನುಗಳ ಸದ್ದಿಗೆ ನಡುಮನೇಲಿ ಕೂತು ಮಾತಾಡೋಕೂ ಆಗ್ತಿರ್ಲಿಲ್ಲ, ಅದಕ್ಕೆ ಅವನ್ನ ತೆಗ್ದು 120 ಎಂಎಂದು, 1200 ಆರ್‌ಪಿಎಂ ಮ್ಯಾಕ್ಸಿಮಮ್ ಇರೋ ಸೈಲೆಂಟ್ ಫ್ಯಾನ್ ಹಾಕ್ದೆ, ನಾಲ್ಕು ಪಿನ್ನಿಂದೇ.

ಈಗ ಬೇರೆ ಕಾಟ ಶುರುವಾಗಿದೆ. ಫ್ಯಾನ್ ನಿಧಾನ ಆಗುತ್ತೆ, ತಕ್ಷಣ ಎಲ್ಲಾ ಫ್ಯಾನೂ ಒಟ್ಟಿಗೆ ಬರ್‍ರ್ ಅಂತ ಫುಲ್ ಸ್ಪೀಡಿಗೆ ಹೋಗುತ್ತೆ, ಸ್ವಲ್ಪ ಹೊತ್ತಿಗೆ ಇಳಿಯುತ್ತೆ, ಮತ್ತೆ ಅದೇ ಕತೆ. ಹಗಲು ಕಮ್ಮಿ, ರಾತ್ರಿ ಜಾಸ್ತಿ. ಅಮ್ಮ ಮಲಗೋದು ಪಕ್ಕದ ಕೋಣೇಲಿ, ಪಾಪ ನಿದ್ದೆನೇ ಇಲ್ಲ. ಸಿಪಿಯು 38 ಡಿಗ್ರಿ ದಾಟಿಲ್ಲ, ಅಂದ್ರೆ ಬಿಸಿಯಾಗಿ ಹೀಗಾಗ್ತಿರೋದಲ್ಲ. ಬಯಾಸಲ್ಲಿ ಫ್ಯಾನಿಗೆ ಏನೂ ಆಪ್ಷನ್ನಿಲ್ಲ, ಲಿನಕ್ಸಲ್ಲಿ ಪಿಡಬ್ಲ್ಯುಎಂ ಕಾನ್ಫಿಗ್ (ಫ್ಯಾನ್ ಕಂಟ್ರೋಲ್ ಹುಡುಕೋ ಪ್ರೋಗ್ರಾಂ) ಓಡ್ಸಿದ್ರೆ ಕಂಟ್ರೋಲ್ ಮಾಡೋ ಅಂಥದ್ದು ಯಾವ್ದೂ ಇಲ್ಲ ಅನ್ನುತ್ತೆ. ಬೋರ್ಡಿನ ವೆಬ್ ಪೇಜಲ್ಲಿ ಈವೆಂಟ್ ಲಾಗ್ ನೋಡಿದ್ರೆ ಫ್ಯಾನ್1, ಲೋಯರ್ ಕ್ರಿಟಿಕಲ್, ಗೋಯಿಂಗ್ ಲೋ ಅಂತ ಸಾಲಾಗಿ ಬಿದ್ದಿದೆ. ಎಂತ ಮಾಡೋದು ಗೊತ್ತಿದ್ದವ್ರು ಹೇಳಿ.

ಗಾಜನೂರು_ಹಿನ್ನೀರು:
ಉತ್ತರ ನಿಮ್ಮ ಲಾಗಲ್ಲೇ ಇದೆ. ಸರ್ವರ್ ಬೋರ್ಡಲ್ಲಿ ಫ್ಯಾನ್ ನೋಡ್ಕೊಳ್ಳೋದು ಬಯಾಸೂ ಅಲ್ಲ ಲಿನಕ್ಸೂ ಅಲ್ಲ, ಬಿಎಂಸಿ ಅಂತ ಬೋರ್ಡ್ ಮೇಲೇ ಇರೋ ಬೇರೆ ಒಂದು ಪುಟ್ಟ ಕಂಪ್ಯೂಟರ್ರು. ಅದಕ್ಕೇ ನಿಮ್ಮ ಪಿಡಬ್ಲ್ಯುಎಂ ಕಾನ್ಫಿಗ್ಗಿಗೆ ಏನೂ ಕಾಣಲ್ಲ. ಫ್ಯಾನಿನ ನಾಲ್ಕು ವೈರಲ್ಲಿ ಒಂದು ಗ್ರೌಂಡು, ಒಂದು 12 ವೋಲ್ಟು, ಒಂದು ಸ್ಪೀಡ್ ಎಷ್ಟು ಅಂತ ಹೇಳೋ ಟ್ಯಾಕ್, ಇನ್ನೊಂದು ಸ್ಪೀಡ್ ಏರ್ಸಿ ಇಳ್ಸೋ ಪಿಡಬ್ಲ್ಯುಎಂ. ಟ್ಯಾಕ್ ವೈರಿಂದ ಒಂದು ಸುತ್ತಿಗೆ ಎರಡು ಪಲ್ಸ್ ಬರುತ್ತೆ, ಬಿಎಂಸಿ ಅದನ್ನ ಎಣಿಸ್ತಾ ಇರುತ್ತೆ.

ಈ ಬೋರ್ಡುಗಳನ್ನ ಮಾಡಿರೋದು ನಿಮಿಷಕ್ಕೆ ಸಾವಿರಗಟ್ಲೆ ಸುತ್ತೋ ರ್‍ಯಾಕ್ ಫ್ಯಾನಿಗೆ. ಅಂಥ ಫ್ಯಾನು 500ಕ್ಕೆ ಇಳೀತು ಅಂದ್ರೆ ಕೆಟ್ಟಿದೆ ಅಂತಾನೇ ಅರ್ಥ, ಅದಕ್ಕೆ ಕೆಳಗಿನ ಮಿತಿಗಳು ಸಾಮಾನ್ಯವಾಗಿ 300, 500, 700 ಈ ಥರ ಇರುತ್ತೆ. ನಿಮ್ಮ 1200ರ ಫ್ಯಾನಿಗೆ 30 ಪರ್ಸೆಂಟ್ ಡ್ಯೂಟಿ (ಎಷ್ಟು ಜೋರಾಗಿ ಓಡ್ಬೇಕು ಅಂತ ಪಿಡಬ್ಲ್ಯುಎಂ ವೈರಲ್ಲಿ ಕೊಡೋ ಪ್ರಮಾಣ) ಕೊಟ್ರೆ 350-400ರಲ್ಲಿ ಸುತ್ತುತ್ತೆ, ಆ ಫ್ಯಾನಿಗೆ ಅದು ಸರಿಯಾದ ಸ್ಪೀಡೇ. ಬಿಎಂಸಿ ಮಾತ್ರ ಫ್ಯಾನ್ ಸತ್ತೋಯ್ತು ಅಂದ್ಕೊಂಡು ಮಿಕ್ಕಿದ್ದನ್ನೆಲ್ಲ ಫುಲ್ ಓಡ್ಸುತ್ತೆ, ಸ್ಪೀಡ್ ಏರಿದ್ ಕೂಡ್ಲೇ ಎಲ್ಲ ಸರಿ ಇದೆ ಅಂತ ಇಳ್ಸುತ್ತೆ, ಮತ್ತೆ ಮಿತಿ ದಾಟುತ್ತೆ. ರಾತ್ರಿ ಜಾಸ್ತಿ ಯಾಕೆ ಅಂದ್ರೆ ನಮ್ಕಡೆ ರಾತ್ರಿ ತಣ್ಣಗಾಗುತ್ತಲ್ಲ, ಬೋರ್ಡ್ ತಣ್ಣಗಾದಷ್ಟೂ ಬಿಎಂಸಿ ಡ್ಯೂಟಿ ಇಳ್ಸುತ್ತೆ, ಫ್ಯಾನ್ ಆ ಗೆರೆಯಿಂದ ಕೆಳಗೆ ಬೀಳುತ್ತೆ. ಮಾಗಿ ಚಳಿ ಬಂದ್ರೆ ಇನ್ನೂ ಜಾಸ್ತಿ ಆಗುತ್ತೆ ನೋಡಿ.

ಮಿತಿ ಇಳ್ಸಿದ್ರೆ ಆಯ್ತು. ಲಿನಕ್ಸಲ್ಲಿ ಐಪಿಎಂಐಟೂಲ್ ಅಂತ ಬಿಎಂಸಿ ಜೊತೆ ಮಾತಾಡೋ ಪ್ರೋಗ್ರಾಂ ಹಾಕ್ಕೊಳ್ಳಿ, ರೂಟ್ ಆಗಿ ಓಡ್ಸಿ: ಐಪಿಎಂಐಟೂಲ್ ಸೆನ್ಸರ್ ಥ್ರೆಶ್ ಫ್ಯಾನ್1 ಲೋಯರ್ 0 100 200. ಈ ಮೂರು ನಂಬರ್ ಕ್ರಮವಾಗಿ ನಾನ್ ರಿಕವರಬಲ್, ಕ್ರಿಟಿಕಲ್, ನಾನ್ ಕ್ರಿಟಿಕಲ್, ಕ್ರಮ ತಪ್ಪಿಸ್ಬೇಡಿ. ಹೀಗೇ ಇರೋ ಎಲ್ಲಾ ಫ್ಯಾನಿಗೂ ಮಾಡಿ. ಬಿಎಂಸಿ ಆರ್‌ಪಿಎಂನ ಒಂದೊಂದಾಗಿ ಓದಲ್ಲ, 100ರ ಆಸುಪಾಸಿನ ಮೆಟ್ಟಿಲಲ್ಲಿ ಓದುತ್ತೆ, ಅದಕ್ಕೇ ಮಿತಿಗೂ ಫ್ಯಾನಿನ ಕನಿಷ್ಠ ಸ್ಪೀಡಿಗೂ ಸ್ವಲ್ಪ ದೂರ ಬಿಟ್ಟಿರೋದು. ಫ್ಯಾನ್ ನಿಜವಾಗಿ ನಿಂತ್ರೆ ಸೊನ್ನೆ ಓದುತ್ತೆ, ಅಲಾರಂ ಬಂದೇ ಬರುತ್ತೆ, ಹಂಗಾಗಿ ಭಯ ಬೇಡ.

ಸಾಗರ_ಸೋಲ್ಡರ್:
ಇಷ್ಟೆಲ್ಲ ಯಾಕೆ, ಟ್ಯಾಕ್ ವೈರ್ ಪಿನ್ ಎಳೆದುಬಿಡಿ, ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದ್ರೆ ಬೋರ್ಡಿಗೆ ಅಲ್ಲಿ ಫ್ಯಾನ್ ಇದೆ ಅಂತಾನೇ ಗೊತ್ತಾಗಲ್ಲ. ಇನ್ನೂ ಸದ್ದು ಅನ್ಸಿದ್ರೆ ಸ್ಪೀಡ್ ಇಳ್ಸೋ ರೆಸಿಸ್ಟರ್ ಕೇಬಲ್ ಸಿಗುತ್ತೆ, ಅದೊಂದು ಹಾಕಿ.

ಮೇಗರವಳ್ಳಿ_ಮಳೆ:
ಸಾಗರದವ್ರೇ ಬೇಜಾರ್ ಮಾಡ್ಕೋಬೇಡಿ, ಇದನ್ನ ಮಾತ್ರ ಮಾಡೋದು ಬೇಡ. ಟ್ಯಾಕ್ ತೆಗೆದ್ರೆ ಫ್ಯಾನ್ ನಿಂತ್ರೂ ಯಾರಿಗೂ ಗೊತ್ತಾಗಲ್ಲ, ನಮ್ಮ ಹಂಚಿನ ಮನೆಗಳಲ್ಲಿ ಹಲ್ಲಿ, ಇರುವೆ, ಜೇಡ ಎಲ್ಲಾನೂ ಕ್ಯಾಬಿನೆಟ್ ಒಳಗೆ ಹೋಗುತ್ತೆ, ಅದ್ರಲ್ಲೂ ಅವ್ರ ತಂದೆಯವ್ರ ರೆಕಾರ್ಡಿಂಗ್ ಇರೋ ಮಿಷನ್ನು, ಇನ್ನೊಂದ್ಸಲ ಸಿಗೋದಲ್ಲ. ರೆಸಿಸ್ಟರ್ ಹಾಕಿದ್ರೆ ಸ್ಪೀಡ್ ಇನ್ನೂ ಇಳಿದು ಮಿತಿ ಇನ್ನೂ ಬೇಗ ದಾಟುತ್ತೆ, ಅಂದ್ರೆ ಇದೇ ತೊಂದ್ರೆ ಹೆಚ್ಚಾಗುತ್ತೆ.

ತುಂಗಾತೀರ, ಗಾಜನೂರಿನವ್ರು ಹೇಳಿದ್ದು ನೂರಕ್ಕೆ ನೂರು ಸರಿ, ಮೊದ್ಲು ಅದೇ ಮಾಡಿ. ಆದ್ರೆ ಸದ್ದು ನಿಂತ್ಮೇಲೆ ಒಂದ್ಸಲ ಕ್ಯಾಬಿನೆಟ್ ತೆಗ್ದು ನೋಡ್ಲೇಬೇಕು. ಸಿಪಿಯು ಹೀಟ್‌ಸಿಂಕ್ ಮೇಲೆ ಫ್ಯಾನ್ ಇದ್ಯಾ ಇಲ್ವಾ? ರ್‍ಯಾಕ್ ಸರ್ವರಿಂದ ಬಿಚ್ಚಿದ್ದಾದ್ರೆ ಬರೀ ರೆಕ್ಕೆ ಇರೋ ಹೀಟ್‌ಸಿಂಕ್ ಇರುತ್ತೆ, ಅದು ಮುಂದಿನ ಫ್ಯಾನ್ ಸಾಲು ತಳ್ಳೋ ಗಾಳಿ ನಂಬ್ಕೊಂಡಿರೋದು, ಟವರಲ್ಲಿ ಆ ಗಾಳಿ ಅತ್ಲಾಗಿತ್ಲಾಗಿ ಹೋಗಿಬಿಡುತ್ತೆ. ನಿಮ್ದು 38 ಡಿಗ್ರಿ ಇರೋದು ನೋಡಿದ್ರೆ ಸಿಪಿಯು ಚೆನ್ನಾಗೇ ಇದೆ, ಆದ್ರೆ ಜಾಸ್ತಿ ಹಾರ್ಡ್ ಡಿಸ್ಕ್ ಜೋಡ್ಸೋಕೆ ಅಂತ ಎಚ್‌ಬಿಎ ಕಾರ್ಡೇನಾದ್ರೂ ಹಾಕಿದ್ರೆ ಹುಷಾರು. ಆ ಕಾರ್ಡಿನ ಮೇಲಿರೋ ಸಣ್ಣ ಹೀಟ್‌ಸಿಂಕಿಗೆ ಗಾಳಿ ಬೇಕೇ ಬೇಕು, ಅದರ ಬಿಸಿ ಬಿಎಂಸಿ ಪಟ್ಟೀಲಿ ಕಾಣದೇನೂ ಇರ್ಬಹುದು. ಹಳೇ 10 ಗಿಗಾಬಿಟ್ ನೆಟ್‌ವರ್ಕ್ ಕಾರ್ಡುಗಳೂ ಅಷ್ಟೇ. ಎದುರಿಗೆ ಒಂದು ಫ್ಯಾನ್ ನಿಧಾನವಾಗಿ ಸುತ್ತಿದ್ರೂ ಸಾಕು.

ದೊಡ್ಡ ಫ್ಯಾನ್ ಹಾಕಿದ್ದು ಒಳ್ಳೇ ಕೆಲ್ಸ. ಅದೇ ಫ್ಯಾನಿನ ಸ್ಪೀಡ್ ಅರ್ಧ ಮಾಡಿದ್ರೆ ಗಾಳಿ ಅರ್ಧ ಆಗುತ್ತೆ, ಸದ್ದು ಹತ್ತಿರತ್ತಿರ 15 ಡೆಸಿಬಲ್ ಇಳಿಯುತ್ತೆ, ಹಂಗಾಗಿ ಒಂದು ಸಣ್ಣ ಫ್ಯಾನ್ ಜೋರಾಗಿ ಓಡೋದಕ್ಕಿಂತ ಎರಡು ದೊಡ್ಡವು ಮೆಲ್ಲಗೆ ಓಡೋದು ಯಾವಾಗ್ಲೂ ಒಳ್ಳೇದು.

ಇನ್ನೊಂದು, ಮನೇಲಿ ಅಡಿಕೆ ಸುಲಿಯೋ ಮಿಷನ್ ಇದ್ರೆ ಕೊಯ್ಲಿನ ಟೈಮಲ್ಲಿ ಆ ನಾರಿನ ಧೂಳು ಕ್ಯಾಬಿನೆಟ್ ಒಳಗೆ ಬರುತ್ತೆ. ಹೀಟ್‌ಸಿಂಕ್ ರೆಕ್ಕೆ ಮಧ್ಯೆ ಕೂತ್ಕೊಂಡು ಮಳೆಗಾಲದ ತೇವಕ್ಕೆ ಹೆಪ್ಪುಗಟ್ಟಿದ ಹಾಗಾಗುತ್ತೆ, ಬ್ಲೋಯರಿಗೂ ಬರಲ್ಲ, ಬ್ರಶ್ಶಲ್ಲೇ ತೆಗೀಬೇಕು. ಮುಂದೆ ಫಿಲ್ಟರ್ ಹಾಕಿ, ಕೊಯ್ಲು ಮುಗಿದ್ಮೇಲೆ ತೊಳೀರಿ. ಸದ್ದು ಅಂತ ಅಟ್ಟಕ್ಕೆ ಮಾತ್ರ ಏರಿಸ್ಬೇಡಿ, ಬೇಸಿಗೇಲಿ ಹಂಚಿನ ಕೆಳಗೆ ಸಿಕ್ಕಾಪಟ್ಟೆ ಕಾವು.

ತುಂಗಾತೀರ:
ಅಕ್ಕಾ, ಗಾಜನೂರಿನ ಅಣ್ಣಾ, ಇಬ್ರಿಗೂ ತುಂಬಾ ಥ್ಯಾಂಕ್ಸ್. ಕಮಾಂಡ್ ಕೊಟ್ಟ ಕೂಡ್ಲೇ ನಿಂತೋಯ್ತು ಮಾರಾಯ್ರೆ, ಈಗ ಫ್ಯಾನ್1 400 ತೋರಿಸ್ತಾ ಹಂಗೇ ಇದೆ, ಲಾಗಲ್ಲಿ ಹೊಸದೇನೂ ಬಿದ್ದಿಲ್ಲ. ಸಿಪಿಯು ಮೇಲೆ ಫ್ಯಾನ್ ಇದೆ. ಎಚ್‌ಬಿಎ ಕಾರ್ಡ್ ಇದೆ, ಮುಟ್ಟಿ ನೋಡಿದ್ರೆ ಕೈ ಇಡೋಕಾಗಲ್ಲ ಅಷ್ಟು ಬಿಸಿ! ನೀವು ಹೇಳ್ದಿದ್ರೆ ನೋಡ್ತಾನೇ ಇರ್ಲಿಲ್ಲ, ಅದರ ಎದುರಿಗೆ ಒಂದು 80 ಎಂಎಂ ಫ್ಯಾನ್ ಕಟ್ತೀನಿ.

ಒಂದೇ ಡೌಟು, ಕರೆಂಟ್ ಹೋಗಿ ಯುಪಿಎಸ್ಸೂ ಖಾಲಿಯಾಗಿ ವಾಪಸ್ ಬಂದಾಗ ಮತ್ತೆ ಜೋರಾಗಿ ಕೂಗುತ್ತೆ, ಆಮೇಲೆ ತಾನೇ ಇಳಿಯುತ್ತೆ. ಸೆಟ್ಟಿಂಗ್ ಹೋಗ್ತಿದ್ಯಾ? ಇಂಟರ್ನೆಟ್ಟಲ್ಲಿ ಫುಲ್ ಮೋಡಿಗೆ ಹಾಕಿ ಡ್ಯೂಟಿ ನಾವೇ ಕೊಡೋದು ಅಂತ ಒಂದು ಬರ್ದಿದಾರೆ, ಅದು ಮಾಡ್ಬೇಕಾ?

ಗಾಜನೂರು_ಹಿನ್ನೀರು:
ಬೇಡ. ಕರೆಂಟ್ ಬಂದಾಗ ಬಿಎಂಸಿ ತಾನೇ ಬೂಟ್ ಆಗೋಕೆ ಸ್ವಲ್ಪ ಹೊತ್ತು ತಗೊಳ್ಳುತ್ತೆ, ಅಷ್ಟರ ತನಕ ಫ್ಯಾನಿಗೆ ಹೇಳೋರಿಲ್ಲ, ಫುಲ್ ಓಡುತ್ತೆ, ಅದು ಇರ್ಬೇಕಾದ್ದೇ. ತಾನೇ ಇಳೀತಿದೆ ಅಂದ್ರೆ ಮಿತಿ ಸರಿಯಾಗೇ ಉಳ್ಕೊಂಡಿದೆ. ಬಿಎಂಸಿ ಫರ್ಮ್‌ವೇರ್ ಅಪ್‌ಡೇಟ್ ಮಾಡಿದ್ರೆ ಅಥವಾ ಫ್ಯಾಕ್ಟರಿ ರೀಸೆಟ್ ಕೊಟ್ರೆ ಮಾತ್ರ ಹೋಗ್ಬಹುದು, ಆಗ ಇನ್ನೊಂದ್ಸಲ ಕೊಡಿ, ಕಮಾಂಡನ್ನ ಎಲ್ಲಾದ್ರೂ ಬರ್ದಿಟ್ಕೊಳ್ಳಿ.

ನೀವು ನೋಡಿರೋದು ಸೂಪರ್‌ಮೈಕ್ರೋ ಎಕ್ಸ್10, ಎಕ್ಸ್11 ಬೋರ್ಡುಗಳ ರಾ ಕಮಾಂಡ್ (ಬಿಎಂಸಿಗೆ ನೇರ ನಂಬರಲ್ಲೇ ಕೊಡೋದು) ಇರ್ಬೇಕು. ಹೆಕ್ಸಲ್ಲಿ 30 45 01 ಆದ್ಮೇಲೆ 01 ಕೊಟ್ರೆ ಫುಲ್, 00 ಸ್ಟ್ಯಾಂಡರ್ಡ್, 02 ಆಪ್ಟಿಮಲ್, 04 ಹೆವಿ ಐಓ. ಫುಲ್‌ಗೆ ಹಾಕಿ ಡ್ಯೂಟಿ ಇಳ್ಸೋದು ಅಂದ್ರೆ ಬಿಸಿ ನೋಡ್ಕೊಳ್ಳೋ ಕೆಲ್ಸಾನ ಬಿಎಂಸಿ ಕೈಯಿಂದ ಕಿತ್ಕೊಂಡು ಒಂದು ಸ್ಕ್ರಿಪ್ಟಿಗೆ ಕೊಟ್ಟ ಹಾಗೆ. ಕರೆಂಟ್ ಹೋಗಿ ಬಂದ್ರೆ ಮೋಡ್ ಫುಲ್ ಅಂತಾನೇ ಉಳಿಯುತ್ತೆ, ಡ್ಯೂಟಿ ನಂಬರ್ ಮರೆತೋಗುತ್ತೆ, ಲಿನಕ್ಸ್ ಏಳೋ ತನಕ ಇಡೀ ಮನೆಗೆ ಕೇಳೋ ಹಾಗೆ ಓಡುತ್ತೆ. ದಿನಾ ಕರೆಂಟ್ ಹೋಗಿ ಬರೋ ಕಡೆ ಅದು ಆಗಿಬರಲ್ಲ. ವೆಬ್ ಪೇಜಲ್ಲಿ ಫ್ಯಾನ್ ಮೋಡ್ ಆಪ್ಟಿಮಲ್ ಇಟ್ಟು ಬಿಟ್ಬಿಡಿ. ಎಚ್‌ಬಿಎ ಎದುರಿನ ಫ್ಯಾನನ್ನ ಫ್ಯಾನ್ಎ ಅಂತಿರೋ ಹೆಡರಿಗೆ (ಫ್ಯಾನ್ ಚುಚ್ಚೋ ಪಿನ್ನಿಗೆ) ಹಾಕಿ, ಅದು ಸಿಪಿಯುದಲ್ಲ, ಬೇರೆ ಝೋನು, ಅಂದ್ರೆ ಸ್ಪೀಡ್ ಬೇರೆಯಾಗಿ ನೋಡ್ಕೊಳ್ಳೋ ಗುಂಪು, ಮತ್ತೆ ಅದಕ್ಕೂ ಮಿತಿ ಇಳ್ಸೋದು ಮರೀಬೇಡಿ.