ಸಿಪ್ಯಾಪ್ ಹ್ಯೂಮಿಡಿಫೈಯರ್: ಬಿಳಿ ಪದರ ಹೋಯ್ತು, ಗುಲಾಬಿ ಲೋಳಿ ಹೋಗವಲ್ದು (ಕಲಬುರಗಿ)

ಬಿಸಿಲೂರ_ಮಗ

ಕಲಬುರಗಿ ರಿಂಗ್ ರೋಡ್ ಕಡಿ ಮನಿ, ಬೋರಿನ ನೀರು. ಅಪ್ಪಾಜಿಗೆ ಸ್ಲೀಪ್ ಅಪ್ನಿಯಾ (ನಿದ್ದ್ಯಾಗ ಉಸಿರು ನಿಂತು ನಿಂತು ಬರೋದು), ಅದಕ್ಕ ಗಾಳಿ ಒತ್ತಿ ಕೊಡೋ ಸಿಪ್ಯಾಪ್ ಮಷಿನ್ ರೆಸ್‌ಮೆಡ್ ಏರ್‌ಸೆನ್ಸ್ 10. ಗಾಳಿಗೆ ತೇವ ಕೊಡೋ ಹ್ಯೂಮಿಡಿಫೈಯರ್ ನೀರಿನ ಡಬ್ಬಿ ತಳದಾಗ ಬಿಳಿ ಪದರ ಕುಂತಿತ್ತು, ಮೂಲ್ಯಾಗ ಗುಲಾಬಿ ಬಣ್ಣದ ಲೋಳಿ. ವಿನೆಗರ್ ಹಾಕಿದ್ರ ಬಿಳೀದು ಹೋಯ್ತು. ಗುಲಾಬೀದು ನಾಕೇ ದಿನಕ್ಕ ಮತ್ತ ಬಂತು, ಪೈಪಿನಾಗ ಮುಗ್ಗು ವಾಸನಿ ಬೇರೆ. ಆರ್‌ಓ ನೀರೇ ಹಾಕ್ತೀವಿ. ರಾತ್ರಿ ಎಷ್ಟು ಕಮ್ಮಿ ಆಗಿರ್ತದೋ ಅಷ್ಟು ಮ್ಯಾಲ ಸುರಿಯೋದು. ವಾರಕ್ಕೊಮ್ಮೆ ತೊಳೀತೀವಿ. ಡೆಟಾಲ್ ನಾಕು ಹನಿ ಹಾಕ್ಬಹುದೇನ್ರಿ?

ತೊಗರಿ_ಕಣಜ

ಅಣ್ಣಾ, ಇನ್ವರ್ಟರಿಗೆ ಹಾಕೋ ಬ್ಯಾಟರಿ ನೀರು 5 ಲೀಟರ್ ಕ್ಯಾನ್ ತಂದು ಬಿಡ್ರಿ. ಅದೂ ಡಿಸ್ಟಿಲ್ಡೇ. ಪದರ ಕುಂದ್ರೋದಿಲ್ಲ. ವಿನೆಗರ್ ಬದಲಿಗೆ ಲಿಂಬಿಹಣ್ಣು ಹಿಂಡಿ ತಿಕ್ಕಿ, ಮಾಳಿಗಿ ಮ್ಯಾಲ ಬಿಸಿಲಿಗೆ ಇಡ್ರಿ. ನಮ್ಮ ಬಿಸಿಲಿಗೆ ಯಾವ ಹುಳಾನೂ ಉಳಿಯಂಗಿಲ್ಲ.

ಕಾಗಿಣಾ_ದಂಡಿ

ತೊಗರಿಯವರೇ, ಮೂರೂ ಸಲಹೆ ಬೇಡ, ಒಂದೊಂದಾಗಿ ಹೇಳುತ್ತೇನೆ. ಅದಕ್ಕೂ ಮೊದಲು ಡೆಟಾಲ್: ಬೇಡವೇ ಬೇಡ. ಡೆಟಾಲ್, ಫಿನೈಲ್, ಬ್ಲೀಚಿಂಗ್ ಪುಡಿ, ಸ್ಪಿರಿಟ್ ಇವುಗಳ ಆವಿ ನೇರ ಪುಪ್ಪುಸಕ್ಕೆ ಹೋಗುತ್ತದೆ. ಪ್ಲಾಸ್ಟಿಕ್‌ನಲ್ಲಿ ವಾಸನೆ ಹಿಡಿದರೆ ಎಷ್ಟು ತೊಳೆದರೂ ಬಿಡುವುದಿಲ್ಲ.

ಇಲ್ಲಿ ಇರುವುದು ಎರಡು ಬೇರೆ ಬೇರೆ ರೋಗ, ನೀವು ಒಂದೇ ಮದ್ದು ಹಾಕುತ್ತಿದ್ದೀರಿ. ಬಿಳಿ ಪದರ ನೀರಿನೊಳಗಿನ ಸುಣ್ಣ. ಈ ಮಷಿನ್ ನೀರನ್ನು ತುಂತುರು ಮಾಡುವುದಿಲ್ಲ. ಕೆಳಗಿನ ತಟ್ಟೆ ಬಿಸಿಯಾಗಿ ನೀರು ಆವಿಯಾಗುತ್ತದೆ, ಗಾಳಿ ಅದರ ಮೇಲೆ ಹಾದು ಹೋಗುತ್ತದೆ. ಆವಿಯ ಜತೆ ಲವಣ ಏಳುವುದಿಲ್ಲ, ಡಬ್ಬಿಯಲ್ಲೇ ಉಳಿಯುತ್ತದೆ. ಅದು ಪುಪ್ಪುಸಕ್ಕೆ ಹೋಗುತ್ತದೆಂಬ ಹೆದರಿಕೆ ಬೇಡ. ಆದರೆ ಪದರ ದಪ್ಪವಾದಷ್ಟೂ ತಟ್ಟೆಯ ಬಿಸಿ ನೀರಿಗೆ ಸರಿಯಾಗಿ ತಾಗುವುದಿಲ್ಲ, ಆ ಒರಟು ಮೈಯಲ್ಲಿ ಲೋಳೆಗೆ ಮನೆ ಸಿಗುತ್ತದೆ.

ಗುಲಾಬಿ ಲೋಳೆ ಜೀವ ಇರುವುದು, ಬ್ಯಾಕ್ಟೀರಿಯಾ. ಬಚ್ಚಲುಮನೆ ಮೂಲೆಯಲ್ಲಿ ಬರುವ ಗುಲಾಬಿ ಪಾಚಿಯಂಥದ್ದರಲ್ಲಿ ಹೆಚ್ಚಾಗಿ ಸಿಗುವುದು ಸೆರೇಷಿಯಾ ಮಾರ್ಸೆಸೆನ್ಸ್. ಅದಕ್ಕೆ ಬೇಕಾದ್ದು ಒದ್ದೆ ಮೈ, ಅಷ್ಟೇ. ಹತ್ತು ಪಟ್ಟು ನೀರು ಬೆರೆಸಿದ ವಿನೆಗರ್ ಸುಣ್ಣ ಕರಗಿಸುತ್ತದೆ, ಆದರೆ ಈ ಲೋಳೆಯನ್ನು ಖಾತ್ರಿಯಾಗಿ ಕೊಲ್ಲುವುದಿಲ್ಲ. ಡಬ್ಬಿ ಎಂದೂ ಒಣಗದಿದ್ದರೆ ನಾಲ್ಕು ದಿನಕ್ಕೆ ವಾಪಸ್ ಬರುವುದು ಸಹಜ.

ತಪ್ಪು ಇರುವುದು "ಮ್ಯಾಲ ಸುರಿಯೋದು" ಅನ್ನುವಲ್ಲಿ. ಎರಡೂ ರೋಗದ ಬೇರು ಅದೇ. ಲೆಕ್ಕ ನೋಡಿ: ನೀರಿನ ಟಿಡಿಎಸ್ (ಒಂದು ಲೀಟರಿನಲ್ಲಿ ಕರಗಿರುವ ಲವಣ, ಮಿಲಿಗ್ರಾಂ ಲೆಕ್ಕದಲ್ಲಿ) 900 ಇದ್ದು ರಾತ್ರಿಗೆ 300 ಮಿ.ಲೀ. ಆವಿಯಾದರೆ 270 ಮಿಲಿಗ್ರಾಂ ಲವಣ ಡಬ್ಬಿಯಲ್ಲಿ ಉಳಿಯಿತು. ಚೆಲ್ಲದೆ ತಿಂಗಳು ಮೇಲೆ ಮೇಲೆ ಸುರಿದರೆ 8 ಗ್ರಾಂ. ಟಿಡಿಎಸ್ 60 ಇದ್ದರೆ ಅದೇ ತಿಂಗಳಿಗೆ ಅರ್ಧ ಗ್ರಾಂ ಆಸುಪಾಸು. ಮುಂಜಾನೆ ಉಳಿದ ನೀರು ಚೆಲ್ಲಿದರೆ ಲವಣವೂ ಅಷ್ಟು ಹೋಯಿತು, ಒದ್ದೆಯೂ ಹೋಯಿತು.

ಈಗ ಆ ಮೂರು ಸಲಹೆ. ಬ್ಯಾಟರಿ ನೀರು ಬಹುಪಾಲು ಲವಣ ತೆಗೆದ ನೀರು, ಬ್ಯಾಟರಿಗಾಗಿ ತುಂಬಿದ್ದು. ಉಸಿರಿನ ಮಷಿನಿಗೆ ಬೇಕಾದ ಶುಚಿಯ ಖಾತ್ರಿ ಆ ಕ್ಯಾನಿಗೆ ಯಾರೂ ಕೊಟ್ಟಿರುವುದಿಲ್ಲ. ಲಿಂಬಿಹಣ್ಣಿನ ಹುಳಿ ಸುಣ್ಣ ಕರಗಿಸುವುದು ನಿಜ, ಆದರೆ ತಿರುಳು, ಸಕ್ಕರೆ ಅಂಶ ಸಂದಿಯಲ್ಲಿ ಉಳಿದರೆ ಲೋಳೆಗೆ ಊಟ ಇಟ್ಟಂತೆ. ನೇರ ಬಿಸಿಲಿಗೆ ಪ್ಲಾಸ್ಟಿಕ್ ಮಬ್ಬಾಗಿ ಬಿರುಕು ಬಿಡುತ್ತದೆ, ಕಂಪನಿ ಪುಸ್ತಕದಲ್ಲೂ ನೆರಳಲ್ಲಿ ಒಣಗಿಸಿ ಎಂದೇ ಇದೆ. ಏಪ್ರಿಲ್-ಮೇನಲ್ಲಿ ನಮ್ಮ ಕಡೆ ನೆರಳೂ ಸಾಕು ಬಿಡಿ.

ಬಿಸಿಲೂರ_ಮಗ

ಭಾಳ ಉಪಕಾರ ಆಯ್ತು ಸರ್. ಟಿಡಿಎಸ್ ಮೀಟರ್ ಪಕ್ಕದ ಮನಿಯಿಂದ ತಂದು ನೋಡಿದೆ. ಬೋರ್ 940, ಆರ್‌ಓ 145. ಆರ್‌ಓ ಅಂದ್ರ ಇಷ್ಟು ಇರಬಾರ್ದಲ್ಲ? ಕುದಿಸಿ ಆರಿಸಿ ಹಾಕ್ಲೇನು?

ಕಾಗಿಣಾ_ದಂಡಿ

ನಿಮ್ಮ ಆರ್‌ಓದಲ್ಲಿ ಟಿಡಿಎಸ್ ಕಂಟ್ರೋಲರ್ ತಿರುಪು ಇರಬೇಕು. ಕುಡಿಯಲು ರುಚಿ ಬರಲೆಂದು ಅದು ಸ್ವಲ್ಪ ಸೋಸದ ನೀರು ಬೆರೆಸುತ್ತದೆ. ಅದು ಇಲ್ಲದಿದ್ದರೆ ಮೆಂಬ್ರೇನ್ (ಲವಣ ಸೋಸುವ ಪೊರೆ) ಹಳೆಯದಾಗಿರಬಹುದು. ಕುದಿಸಿದರೆ ಕ್ರಿಮಿ ಸಾಯುತ್ತವೆ, ಸುಣ್ಣದ ಒಂದು ಪಾಲು ಪಾತ್ರೆ ತಳಕ್ಕೆ ಕೂರುತ್ತದೆ. ಉಳಿದ ಲವಣ ಎಲ್ಲಿಗೂ ಹೋಗುವುದಿಲ್ಲ, ನೀರು ಕಡಿಮೆಯಾಗಿ ಅದೇ ಗಟ್ಟಿಯಾಗುತ್ತದೆ. ಟಿಡಿಎಸ್ ಮೀಟರ್ ಅಳೆಯುವುದು ನೀರಿನಲ್ಲಿ ಕರೆಂಟ್ ಹರಿಯುವ ಗುಣವನ್ನು; ಕ್ರಿಮಿ ಅದಕ್ಕೆ ಕಾಣುವುದಿಲ್ಲ. ಮೀಟರಿನಲ್ಲಿ 8 ಬಂತೆಂದು ನೀರು ಶುಚಿ ಎನ್ನಬೇಡಿ.

ಕಂಪನಿ ಹೇಳುವುದು ಡಿಸ್ಟಿಲ್ಡ್ ನೀರು. ದೊಡ್ಡ ಮೆಡಿಕಲ್ ಅಂಗಡಿಯಲ್ಲಿ ಕೇಳಿ, ಸಿಗದಿದ್ದರೆ ಗಾಯ ತೊಳೆಯುವ ಸ್ಟೆರೈಲ್ ವಾಟರ್ ಬಾಟಲಿ. ಲೇಬಲ್ ಓದಿ ತೆಗೆದುಕೊಳ್ಳಿ, ಸಲೈನ್ ಬಾಟಲಿಯೂ ಹಾಗೇ ಕಾಣುತ್ತದೆ, ಅದರಲ್ಲಿ ಉಪ್ಪಿದೆ. ಬಾಟಲಿಗೆ ಬಾಯಿ, ಕೈ ತಾಗಿಸದೆ ಸುರಿಯಿರಿ. ಒಂದೆರಡು ರಾತ್ರಿ ಸಿಗದೇ ಹೋದರೆ ಆರ್‌ಓ ನೀರನ್ನು ಕುದಿಸಿ ಆರಿಸಿ ಹಾಕಿ, ಮುಂಜಾನೆ ಚೆಲ್ಲಿ. ಬೋರ್ ನೀರು, ನಳದ ನೀರು, ಬೀದಿಯ 20 ಲೀಟರ್ ಕ್ಯಾನ್ ನೀರು ಬೇಡ.

ತೊಳೆಯುವ ಕ್ರಮ. ಮುಂಜಾನೆ ಮಷಿನ್ ನಿಲ್ಲಿಸಿ, ಪ್ಲಗ್ ತೆಗೆದು 10-15 ನಿಮಿಷ ಬಿಡಿ, ತಟ್ಟೆ ಸುಡುತ್ತಿರುತ್ತದೆ. ಡಬ್ಬಿ ಎಳೆದು ನೀರು ಚೆಲ್ಲಿ, ಒಗೆದ ಮೆತ್ತನೆ ಬಟ್ಟೆಯಿಂದ ಒಳಗೆ ಒರೆಸಿ, ಮುಚ್ಚಳ ತೆರೆದೇ ನೆರಳಲ್ಲಿ ಇಡಿ. ರಾತ್ರಿ ಮಲಗುವ ಮುಂಚೆ ಹೊಸ ನೀರು, ಗುರುತಿನ ಗೆರೆಯವರೆಗೆ ಮಾತ್ರ (ನಿಮ್ಮ ಡಬ್ಬಿಗೆ 380 ಮಿ.ಲೀ.). ದಿನದ ಕೆಲಸ ಇಷ್ಟೇ, ಎರಡು ನಿಮಿಷ. ಇದನ್ನು ಬಿಟ್ಟು ವಾರಕ್ಕೊಮ್ಮೆ ಎಷ್ಟು ತಿಕ್ಕಿದರೂ ದಂಡ.

ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರು, ಘಮ ಇಲ್ಲದ ಸೌಮ್ಯ ಸೋಪು ಎರಡು ಹನಿ. ಮೆತ್ತನೆಯ ಹೊಸ ಟೂತ್‌ಬ್ರಷ್ ಒಂದು ಇದಕ್ಕೇ ಇಟ್ಟುಕೊಂಡು ಮೂಲೆ, ಹಿಂಜಿನ ಸಂದಿ, ರಬ್ಬರ್ ಸೀಲ್ ಕೂರುವ ಸಂದಿ ತಿಕ್ಕಿ. ಗುಲಾಬಿ ಲೋಳೆ ಉಳಿದುಕೊಳ್ಳುವುದು ಅಲ್ಲೇ, ಕಣ್ಣಿಗೆ ಬೀಳುವ ತಳದಲ್ಲಿ ಅಲ್ಲ. ಸ್ಟೀಲ್ ಜುಂಗು ಬೇಡ, ಗೀರಿನಲ್ಲಿ ಮತ್ತೆ ಲೋಳೆ ಸೇರುತ್ತದೆ. ನೊರೆ ಪೂರ್ತಿ ಹೋಗುವ ತನಕ ತೊಳೆಯಿರಿ.

ಬಿಳಿ ಪದರ ಕಂಡಾಗ ಮಾತ್ರ ವಿನೆಗರ್: ಬಿಳಿ ವಿನೆಗರ್ 30 ಮಿ.ಲೀ.ಗೆ ನೀರು 300 ಮಿ.ಲೀ., ಡಬ್ಬಿಯಲ್ಲೇ 10 ನಿಮಿಷ. ಸಣ್ಣ ಗುಳ್ಳೆ ಎದ್ದರೆ ಸುಣ್ಣ ಕರಗುತ್ತಿದೆ. ಉಳಿದರೆ ಚೆಲ್ಲಿ ಇನ್ನೊಮ್ಮೆ ಮಾಡಿ, ವಿನೆಗರ್ ಗಟ್ಟಿ ಮಾಡಬೇಡಿ. ಎರಡು ಮೂರು ಸಲಕ್ಕೂ ಜಗ್ಗದ ಪದರ ಬೇರೆ ಜಾತಿಯ ಲವಣ, ಹುಳಿಗೆ ಕರಗುವುದಿಲ್ಲ. ಡಬ್ಬಿ ಮಬ್ಬಾಗಿದ್ದರೆ, ಕುಳಿ ಬಿದ್ದಿದ್ದರೆ, ಸೋರುತ್ತಿದ್ದರೆ ಹೊಸದು ತರುವುದೇ ಸರಿ.

ಬಿದ್ರಿ_ಬೆಳ್ಳಿ

ಮುಗ್ಗು ವಾಸನಿ ಬಗ್ಗೆ ಯಾರೂ ಹೇಳಲಿಲ್ಲ. ಅದು ಪೈಪಿಂದು. ಪೈಪನ್ನೂ ವಾರಕ್ಕೊಮ್ಮೆ ಅದೇ ಸೋಪಿನ ನೀರಾಗ ತೊಳೆದು, ಎರಡೂ ಬಾಯಿ ಕೆಳಗ ಬರೋ ಹಂಗ ನೆರಳಿನ ಹಗ್ಗಕ್ಕ ತೂಗು ಹಾಕ್ರಿ. ಬಿಸಿ ಆಗೋ ಪೈಪ್ ಇದ್ರ ಕನೆಕ್ಟರ್ ಪೂರ್ತಿ ಒಣಗದ ಹೊರತು ಮಷಿನಿಗೆ ಸಿಕ್ಕಿಸಬ್ಯಾಡ್ರಿ.

ಪೈಪಿನಾಗ ನೀರು ನಿಲ್ತದಂದ್ರ ರೂಮ್ ತಂಪು, ಒಳಗಿನ ಗಾಳಿ ಬೆಚ್ಚಗ, ಆವಿ ಹನಿ ಆಗ್ತದ. ಡಿಸೆಂಬರ್ ರಾತ್ರಿ ಮತ್ತ ಕೂಲರ್ ಹಚ್ಚಿದಾಗ ಇದು ಜಾಸ್ತಿ. ಹ್ಯುಮಿಡಿಟಿ ಒಂದು ಅಂಕಿ ಇಳಿಸ್ರಿ. ಕೂಲರ್ ಗಾಳಿನೇ ಒದ್ದಿ, ಮಷಿನ್ ಅದರ ಎದುರಿಗೆ ಇಟ್ರ ಫಿಲ್ಟರ್ ತೊಯ್ದು ಅಲ್ಲೇ ವಾಸನಿ ಹುಟ್ತದ. ಏರ್‌ಸೆನ್ಸ್ 10ರ ಬಿಳಿ ಫಿಲ್ಟರ್ ತೊಳೆಯೋದಲ್ಲ, ಬದಲಿಸೋದು. ಆರು ತಿಂಗಳು ಅಂತ ಪುಸ್ತಕ ಹೇಳ್ತದ, ರಾಶಿ ಟೈಮಿನ ಧೂಳಿಗೆ, ಸಿಮೆಂಟ್ ಫ್ಯಾಕ್ಟರಿ ಕಡಿ ಮನಿಗಳಿಗೆ ಅಷ್ಟು ದಿನ ಬಾಳೋದಿಲ್ಲ. ತಿಂಗಳಿಗೊಮ್ಮೆ ತೆಗೆದು ನೋಡ್ರಿ.

ಇನ್ನೊಂದು: ಡಬ್ಬಿಯಾಗ ನೀರು ಇಟ್ಟುಕೊಂಡೇ ಮಷಿನ್ ಎತ್ತಬ್ಯಾಡ್ರಿ. ವಾಲಿದ್ರ ನೀರು ಒಳಗಿನ ಮೋಟರಿಗೆ ಹೋಗ್ತದ.

ತೊಗರಿ_ಕಣಜ

ಒಪ್ಪಿದೆ ಕಾಗಿಣಾ ಅವರೇ. ಮತ್ತ ಆನ್‌ಲೈನ್‌ನಾಗ ಓಝೋನ್ ಗ್ಯಾಸಿನಿಂದ ಕ್ರಿಮಿ ಕೊಲ್ಲೋ ಬಾಕ್ಸ್ ಮಾರ್ತಾರಲ್ಲ, ಒಳಗ ಇಟ್ಟು ಬಟನ್ ಒತ್ತಿದ್ರ ಮುಗೀತು ಅಂತ?

ಕಾಗಿಣಾ_ದಂಡಿ

ರೊಕ್ಕ ಉಳಿಸಿ. ಇಂಥ ಓಝೋನ್, ಯುವಿ (ಅತಿನೇರಳೆ ಬೆಳಕಿನ) ಉಪಕರಣಗಳಿಗೆ ತಾನು ಅಲ್ಲಿಯವರೆಗೆ ಅನುಮತಿ ಕೊಟ್ಟಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಫೆಬ್ರವರಿಯಲ್ಲಿ ಎಚ್ಚರಿಸಿತ್ತು. ಪೈಪಿನೊಳಗೆ ಉಳಿದ ಓಝೋನ್ ಉಸಿರಿನ ದಾರಿಯನ್ನು ಕೆರಳಿಸುತ್ತದೆ. ಸುಣ್ಣವನ್ನಂತೂ ಅದು ಮುಟ್ಟುವುದೇ ಇಲ್ಲ.

ಬಿಸಿಲೂರ ಅವರೇ, ಅಪ್ಪಾಜಿಯವರಿಗೆ ಜ್ವರ, ಬಿಡದ ಕೆಮ್ಮು, ಮೂಗಿನಿಂದ ಬಣ್ಣದ ಸಿಂಬಳ ಇದ್ದರೆ ಡಬ್ಬಿ ತೊಳೆಯುತ್ತಾ ಕೂರದೆ ಡಾಕ್ಟರಿಗೆ ತೋರಿಸಿ, ಲೋಳೆಯ ವಿಷಯವನ್ನೂ ಹೇಳಿ.

ಬಿಸಿಲೂರ_ಮಗ

ಕೆಮ್ಮು, ಜ್ವರ ಏನಿಲ್ರಿ. ಒಂಬತ್ತು ದಿನ ಆಯ್ತು, ದಿನಾ ಚೆಲ್ಲಿ ಒಣಗಿಸ್ಲಕತ್ತೀವಿ. ಸೀಲ್ ಕುಂದ್ರೋ ಸಂದ್ಯಾಗ ನೀವು ಹೇಳಿದಂಗ ಗುಲಾಬೀದು ತುಂಬಿತ್ತು, ತೆಗೆದ ಮ್ಯಾಲ ಬಂದಿಲ್ಲ. ಸೀಲ್ ವಾಪಸ್ ಹಾಕುವಾಗ ಒಂದು ಕಡಿ ಮಡಚಿಕೊಂಡು ನೀರು ಸೋರ್ತಿತ್ತು, ಸುತ್ತಲೂ ಬೆರಳಿನಿಂದ ಒತ್ತಿದ ಮ್ಯಾಲ ನಿಂತ್ತು. ಈಗ ಬ್ಯಾರೆ ತಂಟೆ: ವಿನೆಗರ್ ಶಹಾಬಾದ್ ಫರಸಿ ಮ್ಯಾಲ ಚೆಲ್ಲಿ ಬೆಳ್ಳಗ ಕಲಿ ಬಿದ್ದದ, ಎಷ್ಟು ಒರೆಸಿದ್ರೂ ಹೋಗವಲ್ದು.

ಬಿದ್ರಿ_ಬೆಳ್ಳಿ

ಅದು ಕಲಿ ಅಲ್ರಿ. ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ, ಡಬ್ಬಿ ಪದರದಂಗ ಅದೂ ಕರಗ್ಯದ. ಒರೆಸಿದ್ರ ಹೋಗಂಗಿಲ್ಲ, ಪಾಲಿಶ್ ಮಾಡಿಸ್ಬೇಕು. ಇನ್ನ ಮ್ಯಾಲ ಸ್ಟೀಲ್ ಬುಟ್ಟ್ಯಾಗ ಇಟ್ಟು ವಿನೆಗರ್ ಹಾಕ್ರಿ.