ಕಡಲ ಹತ್ತಿರದ ಮನೆ: ಸ್ಲ್ಯಾಬ್‌ಗೆ ಕವರ್ ಎಷ್ಟು ಬಿಡಬೇಕು?

ಕೋಡಿಬಾಗದವ:
ಕಾರವಾರದ ಕೋಡಿಬಾಗದಲ್ಲಿ ಮನೆ. ಡ್ರಾಯಿಂಗ್‌ನಲ್ಲಿ ಎಂ20 ದರ್ಜೆಯ ಕಾಂಕ್ರೀಟ್, ಸ್ಲ್ಯಾಬ್ ದಪ್ಪ 120 ಮಿ.ಮೀ., ಕವರ್ (ಕಂಬಿಯನ್ನು ಮುಚ್ಚುವ ಕಾಂಕ್ರೀಟ್ ದಪ್ಪ) 20 ಮಿ.ಮೀ. ಸಮುದ್ರ ಹತ್ತಿರ ಅಂತ ಕಂಟ್ರಾಕ್ಟರು 40ರ ಕವರ್ ಬ್ಲಾಕ್ ತಂದಿದ್ದಾರೆ. ನೀರು ಹಿತ್ತಲ ಬಾವಿಯದು, ಬೇಸಿಗೆಯಲ್ಲಿ ಸ್ವಲ್ಪ ಉಪ್ಪು. ಮುಂದಿನ ವಾರ 12 ಘನ ಮೀಟರ್ ಕಾಂಕ್ರೀಟ್. ಹಾಕಿಸಬಹುದಾ?

ಸೈಟ್ ಇಂಜಿನಿಯರ್:
ಸೆಂಟ್ರಿಂಗ್ ಮೇಲೆ ನಿಂತು ಕವರ್ ಬದಲಿಸಬೇಡಿ. 20ರ ಕವರ್‌ಗೆ 10 ಮಿ.ಮೀ. ಕಂಬಿಯ ಮಧ್ಯದಿಂದ ಸ್ಲ್ಯಾಬ್ ಮೇಲ್ಮೈವರೆಗೆ 95 ಮಿ.ಮೀ. ಸಿಗುತ್ತದೆ, 40 ಮಾಡಿದರೆ 75. ಸ್ಲ್ಯಾಬ್ ಭಾರ ಹೊರುವುದೇ ಆ ಅಂತರದಿಂದ. ಡ್ರಾಯಿಂಗ್ ವಾಪಸ್ ಕಳಿಸಿ, ದಪ್ಪ ಮತ್ತು ಕಂಬಿ ಮತ್ತೆ ಲೆಕ್ಕ ಹಾಕಿಸಿ.

ಎಂ20 ಅಂತೂ ಅಲ್ಲಿಗೆ ಆಗದು. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456:2000 ಪ್ರಕಾರ ಕಡಲತೀರದ ಗಾಳಿಗೆ ಒಡ್ಡಿದ ಭಾಗಕ್ಕೆ ಎಂ30, ಕವರ್ 45, ಘನ ಮೀಟರ್‌ಗೆ ಕನಿಷ್ಠ 320 ಕೆ.ಜಿ. ಸಿಮೆಂಟ್. ಉಪ್ಪು ಗಾಳಿಯಿಂದ ಮರೆಯಲ್ಲಿರುವ ಒಳಭಾಗಕ್ಕೆ ಎಂ25, ಕವರ್ 30 ಸಾಕು. ಕಾಲಮ್‌ನಲ್ಲಿ ಕವರ್ ಅಳೆಯುವುದು ಮುಖ್ಯ ಕಂಬಿಗಳನ್ನು ಸುತ್ತುವ ರಿಂಗ್‌ನ ಹೊರಮೈಯಿಂದ, ಮುಖ್ಯ ಕಂಬಿಯಿಂದಲ್ಲ. ಇದನ್ನು ತಪ್ಪುವವರೇ ಜಾಸ್ತಿ. ಕವರ್ ಬ್ಲಾಕ್ ಬದಲು ಜಲ್ಲಿ ಚೂರು, ಮರದ ತುಂಡು ಇಟ್ಟಿದ್ದರೆ ತೆಗೆಸಿ.

ಶಿರಸಿ ಕಡೆಯವ:
ನೀರಿನ ವಿಷಯ ಬಿಟ್ಟಿರಲ್ಲ! ಆರ್‌ಸಿಸಿಗೆ (ಕಂಬಿ ಇರುವ ಕಾಂಕ್ರೀಟ್) ಬಳಸುವ ನೀರಿನಲ್ಲಿ ಕ್ಲೋರೈಡ್, ಅಂದರೆ ಉಪ್ಪಿನ ಅಂಶ, ಲೀಟರ್‌ಗೆ 500 ಮಿ.ಗ್ರಾಂ. ಮೀರಬಾರದು. ಲ್ಯಾಬ್‌ಗೆ ಕೊಡಿ, ಬಾಯಿ ರುಚಿ ಪ್ರಮಾಣವಲ್ಲ. ಮೀರಿದರೆ ಟ್ಯಾಂಕರ್ ಸಿಹಿನೀರು ತರಿಸಿ, ಕ್ಯೂರಿಂಗ್‌ಗೂ ಅದೇ. ಅಳಿವೆ ಕಡೆಯ ಮರಳಾದರೆ ಅದನ್ನೂ ಪರೀಕ್ಷೆಗೆ ಕಳಿಸಿ.

ಸೈಟ್ ಇಂಜಿನಿಯರ್:
ಹೌದು, ಸೇರಿಸಬೇಕಿತ್ತು. ಎಂ30ಕ್ಕೆ 50 ಕೆ.ಜಿ. ಸಿಮೆಂಟ್ ಚೀಲಕ್ಕೆ ನೀರು 22.5 ಲೀಟರ್ ಮೀರಬಾರದು, ಮರಳಿನ ತೇವವೂ ಸೇರಿ. ಚೀಲಕ್ಕೆ 90 ಕೆ.ಜಿ. ಮರಳು, ಅದರಲ್ಲಿ ನೂರಕ್ಕೆ 5ರಷ್ಟು ತೇವ ಇದ್ದರೆ ನಾಲ್ಕೂವರೆ ಲೀಟರ್ ಅಲ್ಲೇ ಬಂತು. ಮಿಕ್ಸರ್‌ಗೆ ಹಾಕಬೇಕಾದ್ದು 18 ಮಾತ್ರ. ಗಟ್ಟಿಯಾಯಿತು ಅಂತ ಕೆಲಸದವರು ಕೊಡ ಎತ್ತಿದರೆ ತಡೆಯಿರಿ, ನೀರು ಹೆಚ್ಚಿಸದೆ ಕಾಂಕ್ರೀಟ್ ಸಡಿಲ ಮಾಡುವ ಪ್ಲಾಸ್ಟಿಸೈಸರ್ ಮೊದಲೇ ಮಿಕ್ಸ್ ಡಿಸೈನ್‌ನಲ್ಲಿರಲಿ (ಮಿಶ್ರಣದ ಪ್ರಮಾಣದ ಲೆಕ್ಕ).

ಬಲದ ಪರೀಕ್ಷೆಗೆ 12 ಘನ ಮೀಟರ್‌ಗೆ 2 ಸ್ಯಾಂಪಲ್, ಒಂದಕ್ಕೆ 3ರಂತೆ 28 ದಿನಕ್ಕೆ ಒಡೆದು ನೋಡಲು 6 ಕ್ಯೂಬ್ (ಕಾಂಕ್ರೀಟ್ ಗಟ್ಟಿಗಳು). 7 ದಿನದ್ದು ಬೇಕಿದ್ದರೆ ಹೆಚ್ಚುವರಿ ತುಂಬಿಸಿ. ಎರಡೂ ಸ್ಯಾಂಪಲ್ ಮೊದಲ ಮಿಕ್ಸ್‌ನಿಂದಲೇ ತೆಗೆದರೆ ಸಂಜೆ ನೀರು ಜಾಸ್ತಿ ಆದದ್ದು ಗೊತ್ತೇ ಆಗುವುದಿಲ್ಲ.

ಕೋಡಿಬಾಗದವ:
ಸರಿ, ಸ್ಲ್ಯಾಬ್ ಮುಂದೂಡಿದೆ. ನಾಳೆ ಬಾವಿ ನೀರು ಲ್ಯಾಬ್‌ಗೆ, ಡ್ರಾಯಿಂಗ್ ಡಿಸೈನರ್ ಹತ್ತಿರ.